ಪಾಕದ ಕೆಂಪರಾಜುವಿನ ರಕ್ತ

ಪಾಕ ಬಂತೋ ಇಲ್ಲವೋ ಎಂಬುದನ್ನು ಕೆಂಪರಾಜು ಮೊದಲು ಮೂಗಿನಿಂದ ತಿಳಿಯುತ್ತಿದ್ದ, ಆಮೇಲೆ ಕಿವಿಯಿಂದ, ಕೊನೆಗೆ ಬೆರಳಿನಿಂದ. ಕುದಿಯುವ ಕಬ್ಬಿನ ಹಾಲು ಹಸಿ ವಾಸನೆ ಬಿಟ್ಟು ಸುಟ್ಟ ಹೂವಿನಂಥ ವಾಸನೆಗೆ ತಿರುಗುವಾಗ ಅವನು ಮಾತು ನಿಲ್ಲಿಸುತ್ತಿದ್ದ. ಗುಳ್ಳೆಗಳ ಸದ್ದು ದಪ್ಪಗಾಗುವಾಗ ಚೊಂಬಿನ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, "ಇಳ್ಸ್ರಲಾ" ಎನ್ನುತ್ತಿದ್ದ. ಸೋಮನಹಳ್ಳಿಯ ಹೈವೇಯಿಂದ ಒಳಕ್ಕೆ ತಿರುಗಿದ ಊರುಗಳಲ್ಲೆಲ್ಲ ಅವನಿಗೆ ಪಾಕದ ಕೆಂಪರಾಜು ಎಂದೇ ಹೆಸರು. ಸ್ವಾಮಿಯ ಆಲೆಮನೆಯ ಅಚ್ಚುಬೆಲ್ಲಕ್ಕೆ ಮಂಡಿಯಲ್ಲಿ ಜನ ಕಾಯುತ್ತಿದ್ದದ್ದು ಅವನ ಕೈಗೆ.

ಆ ಕೆಲಸಕ್ಕೆ ನಿಂತೇ ಇರಬೇಕು. ಬೆಳಗಿನ ಮೊದಲ ಕೊಪ್ಪರಿಗೆಯಿಂದ ಸಂಜೆಯ ಕೊನೆಯ ಕೊಪ್ಪರಿಗೆಯವರೆಗೆ ಒಲೆಯ ಉರಿಗೆ ಸೊಂಟ ಒಡ್ಡಿ ನಿಲ್ಲಬೇಕು. ಮದುವೆಗೆ ಮುಂಚಿನಿಂದಲೂ ಅವನಿಗೆ ಎಡಗಡೆ ತೊಡೆಸಂದಿಯಲ್ಲಿ ಏನೋ ಜೋತುಬಿದ್ದಂತೆ, ಯಾರೋ ಕೆಳಕ್ಕೆ ಎಳೆಯುತ್ತಿರುವಂತೆ ನೋವು. ಮಲಗಿದರೆ ಕಡಿಮೆಯಾಗುತ್ತಿತ್ತು. ನಿಂತು ಮಾಡುವ ಕೆಲಸ, ಇದ್ದದ್ದೇ ಎಂದುಕೊಂಡು ಒಳಗೆ ಬಿಗಿಯಾಗಿ ಲಂಗೋಟಿ ಕಟ್ಟಿ ಮೇಲೆ ಚಡ್ಡಿ ಹಾಕಿಕೊಳ್ಳುತ್ತಿದ್ದ. ಆ ನೋವಿಗೂ ತನ್ನ ಮನೆಯಲ್ಲಿ ತೊಟ್ಟಿಲು ತೂಗದಿರುವುದಕ್ಕೂ ಸಂಬಂಧ ಇದ್ದೀತೆಂದು ಅವನಿಗೆ ಹೊಳೆದದ್ದೇ ಇಲ್ಲ. ಹೊಳೆಯಬೇಕಾದ ಅಗತ್ಯವನ್ನೂ ಯಾರೂ ಹುಟ್ಟಿಸಿರಲಿಲ್ಲ. ಆ ಮನೆಯಲ್ಲಿ ಬಂಜೆತನ ಎಂಬ ಮಾತು ಹೆಂಗಸಿನ ಮೈಯನ್ನು ಮಾತ್ರ ಹುಡುಕಿಕೊಂಡು ಹೋಗುತ್ತಿತ್ತು.

ಹೆಂಡತಿ ಅರುಂಧತಿ ಹಲಗೂರಿನವಳು. ಪಿಯುಸಿ ಓದಿದ್ದಳು. ಹೈವೇ ಪಕ್ಕದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಕೆಲಸ. ಬೆಳಿಗ್ಗೆ ವ್ಯಾನು ಬರುವ ಹೊತ್ತಿಗೆ ಮುದ್ದೆ ತಿರುವಿಟ್ಟು, ಜಡೆಯನ್ನು ದಾರಿಯಲ್ಲೇ ಹೆಣೆದುಕೊಂಡು ಓಡುವವಳು. ಏಳು ವರ್ಷದಲ್ಲಿ ಅವಳ ಹೊಟ್ಟೆಯೊಳಕ್ಕೆ ಇಳಿಯದ ಔಷಧಿ ಇರಲಿಲ್ಲ. ಮದ್ದೂರಿನ ಮಾತ್ರೆ, ಮಂಡ್ಯದ ಇಂಜೆಕ್ಷನ್ನು, ಅತ್ತೆ ಅರೆದು ತಂದ ಬೇರಿನ ಕಹಿ. ಸ್ಕ್ಯಾನಿಂಗಿನಲ್ಲಿ ಪ್ರತಿ ಸಲವೂ ಎಲ್ಲ ಸರಿಯಾಗಿದೆ ಎಂದೇ ಬರುತ್ತಿತ್ತು. ಸರಿಯಾಗಿದೆ ಎಂಬುದನ್ನು ಅತ್ತೆ ಮರಿತಾಯಮ್ಮ ನಂಬುತ್ತಿರಲಿಲ್ಲ.

"ಎಲ್ಲಾ ಸರಿಗಿದ್ರೆ ಮತ್ತೆ ಎಲ್ ಓಯ್ತು ಕಣಮ್ಮ? ಏಳೊರ್ಸಕ್ಕೆ ಒಂದು ಇಲಿಮರಿನಾದ್ರೂ ಎತ್ತಿದ್ದೀಯಾ ನೀನು?"

ಅರುಂಧತಿ ಪಾತ್ರೆ ತೊಳೆಯುತ್ತಲೇ, "ಇಲಿಮರಿ ಸಾಕಕ್ಕೆ ನಿಮ್ಮ ಅಟ್ಟದಾಗೆ ಜಾಗ ಎಲ್ಲೈತೆ ಬುಡಿ ಅತ್ತೆ, ಆಗ್ಲೇ ತುಂಬೋಗದೆ" ಎನ್ನುತ್ತಿದ್ದಳು. ಕೆಂಪರಾಜು ನಕ್ಕುಬಿಡುತ್ತಿದ್ದ. ಆ ನಗುವಿನಿಂದ ಮಾತು ಅಲ್ಲಿಗೆ ಮುಗಿಯುತ್ತದೆ ಎಂದು ಅವನು ತಿಳಿದಿದ್ದ. ಅರುಂಧತಿಗೆ ಅದು ಮುಗಿಯುತ್ತಿರಲಿಲ್ಲ. ನೆರೆಮನೆಯ ಕೂಸಿಗೆ ಹೆಸರಿಡುವ ದಿನ ತೊಟ್ಟಿಲ ಹತ್ತಿರ ನಿಂತಿದ್ದ ಅವಳನ್ನು ಯಾರೋ ಹಗುರವಾಗಿ ತೋಳು ಹಿಡಿದು ಹಿಂದಕ್ಕೆ ಸರಿಸಿದ್ದರು. ಆ ರಾತ್ರಿ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಮರಿತಾಯಮ್ಮ ನೇರವಾಗಿಯೇ ಹೇಳಿದಳು. ಮಳವಳ್ಳಿ ಕಡೆ ತಮ್ಮ ಪೈಕಿಯವರದೇ ಒಂದು ಹುಡುಗಿ ಇದೆ. ಯುಗಾದಿ ಆದಮೇಲೆ ಅರುಂಧತಿಯ ಅಣ್ಣನನ್ನು ಕರೆಸಿ ಮಾತಾಡಿ, ಅವಳನ್ನು ಕಳಿಸಿಕೊಡುವುದು. "ಕೋರ್ಟು ಗೀರ್ಟು ಆಮ್ಯಾಕೆ ನೋಡ್ಕಂಡ್ರಾಯ್ತು. ವಂಸ ನಿಂತೋಯ್ತದೆ ಕಣ್ಲಾ ಮಗ. ನಿಮ್ಮಪ್ಪ ಕೆಂಪಸಿದ್ದಯ್ಯ ಇದ್ದಿದ್ರೆ ಇಷ್ಟು ದಿನ ಬುಡ್ತಿರಲಿಲ್ಲ."

ಕೆಂಪರಾಜುವಿಗೆ ಅರುಂಧತಿಯನ್ನು ಬಿಡುವ ಮನಸ್ಸಿರಲಿಲ್ಲ. ತಾಯಿಗೆ ಎದುರು ಹೇಳುವ ಅಭ್ಯಾಸವೂ ಇರಲಿಲ್ಲ. "ನೋಡವ್ವ" ಎಂದು ಎದ್ದುಹೋದ.

ಮುಂದಿನ ವಾರವೇ ಅರುಂಧತಿ ಅವನನ್ನು ಮಂಡ್ಯಕ್ಕೆ ಹೊರಡಿಸಿದಳು. "ಮದ್ದೂರಿನ ಡಾಕ್ಟ್ರಮ್ಮ ಎರಡೊರ್ಸದಿಂದ ಯೋಳ್ತಾವ್ರೆ, ಗಂಡನ್ನ ಕರ್ಕಂಡ್ ಬಾ ಅಂತ. ಈಗ್ಲೂ ಬರಲ್ಲ ಅಂದ್ರೆ ನಾನೇ ಹಲಗೂರು ಬಸ್ ಅತ್ತೀನಿ, ನಿಮ್ಮವ್ವಂಗೆ ತ್ರಾಸ ಬ್ಯಾಡ."

ಹೊರಟ ಬೆಳಿಗ್ಗೆ ದಾರಿಯಲ್ಲಿ ಆಲೆಮನೆಗೆ ಹೋಗಿ ರಜ ಕೇಳುವಾಗ ಕೆಂಪರಾಜು ಸ್ವಾಮಿಗೆ, "ಎಂಡ್ತಿಗೆ ತೋರಿಸ್ಬೇಕು ಕಣಣ್ಣ" ಎಂದ. ಪಕ್ಕದಲ್ಲೇ ನಿಂತಿದ್ದ ಅರುಂಧತಿ ಅವನ ಮುಖ ನೋಡಿದಳು. ಬಸ್ಸಿನಲ್ಲಿ ಹೆಂಗಸರ ಸೀಟಿಗೆ ಹೋಗಿ ಕೂತಳು.

ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರು ಅವನನ್ನು ಪರದೆಯ ಹಿಂದೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಮುಕ್ಕಲು ಹೇಳಿದರು. ನಾಚಿಕೆಯಿಂದ ಅವನ ಕಿವಿ ಕಾದವು. ಎಡಗಡೆ ಬೀಜದ ಮೇಲೆ ಎರೆಹುಳುಗಳನ್ನು ಗಂಟು ಹಾಕಿಟ್ಟಂತೆ ನರಗಳು ಉಬ್ಬಿದ್ದವು. ವೆರಿಕೋಸೀಲ್ ಎಂದರು. ಅವನಿಗೆ ಅರ್ಥವಾಗದ್ದನ್ನು ನೋಡಿ, "ನಾಲೆಗೆ ತೂಬು ಇರುತ್ತಲ್ಲಪ್ಪ, ಹಾಗೆ ರಕ್ತನಾಳದಲ್ಲೂ ಬಾಗಿಲು ಇರುತ್ತೆ. ನಿಂದು ಮುಚ್ಚಿಕೊಳ್ತಿಲ್ಲ. ಮೇಲಕ್ಕೆ ಹೋಗಬೇಕಾದ ರಕ್ತ ಕೆಳಗೇ ನಿಂತುಬಿಡ್ತಿದೆ. ಅದರ ಕಾವಿಗೆ ವೀರ್ಯ ಕೆಡುತ್ತೆ" ಎಂದರು. ವೀರ್ಯದ ಪರೀಕ್ಷೆಯೂ ಅದನ್ನೇ ಹೇಳಿತು. ಆಪರೇಷನ್ ಮಾಡಿದರೆ ಸರಿಹೋಗುವ ಸಾಧ್ಯತೆ ಇದೆ, ಮಾತು ಕೊಡಲಾಗದು, ಫಲ ತಿಳಿಯಲು ಕೆಲವು ತಿಂಗಳು ಬೇಕು ಎಂದರು.

ಅವರ ಕೈಕೆಳಗೆ ಕಲಿಯುತ್ತಿದ್ದ ಶೋಭಿತಾ ಎಂಬ ಎಳೆಯ ಡಾಕ್ಟರು ಅವನ ರಕ್ತ ಕೇಳಿದಳು. ಈ ತೊಂದರೆ ಇರುವ ಗಂಡಸರ ಮೈಯಲ್ಲಿ ಹೊರಗೆ ಕಾಣದ ಉರಿಯೂತ ಇರುತ್ತದೆಯೇ ಎಂದು ಅವಳು ಹುಡುಕುತ್ತಿದ್ದಳು. ಬಿಳಿ ರಕ್ತಕಣಗಳಲ್ಲಿ ಒಂದು ಬಗೆ ಏರಿ ಇನ್ನೊಂದು ಬಗೆ ಇಳಿದಿದೆಯೇ, ಸಿಆರ್‌ಪಿ ಎಂಬ ಅಂಶ ಹೆಚ್ಚಿದೆಯೇ ಎಂದು ಈಗೊಮ್ಮೆ, ಆಪರೇಷನ್ನಿನ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೋಡುವುದು. ಸೂಜಿ ಚುಚ್ಚುವಾಗ ಕೆಂಪರಾಜು ಅತ್ತ ಮುಖ ತಿರುಗಿಸಿದ. ಒಲೆಯ ಮುಂದೆ ದಿನವಿಡೀ ನಿಲ್ಲುವವನು ಸೂಜಿಗೆ ಹೆದರುವುದನ್ನು ಕಂಡು ಅರುಂಧತಿಗೆ ನಗು ಬಂತು. ಅಂದು ಅವಳು ನಕ್ಕದ್ದು ಅದೊಂದೇ ಸಲ. ಫಲಿತಾಂಶ ಬಂದಾಗ ಶೋಭಿತಾ ಹೇಳಿದಳು, "ಒಂಚೂರು ಏರಿದೆ, ಅಷ್ಟೆ. ಹೆದರಬೇಡಿ." ಆಪರೇಷನ್ ಯುಗಾದಿಗೆ ಹತ್ತು ದಿನ ಮುಂಚೆ ಎಂದು ನಿಗದಿಯಾಯಿತು.

ವಾಪಸು ಬರುವಾಗ ಮದ್ದೂರಿನಲ್ಲಿ ಇಳಿದು ಟೀ ಕುಡಿದರು. ಕೆಂಪರಾಜು ಲೋಟದೊಳಕ್ಕೆ ನೋಡುತ್ತ ಹೇಳಿದ.

"ಅವ್ವಂಗೆ ಈಗ್ಲೇ ಯೋಳ್ಬ್ಯಾಡ ಅರುಂಧತಿ. ಆಪ್ರೇಸನ್ ಆಗ್ಬುಡ್ಲಿ. ಆದ್ಮೇಲೆ ನಾನೇ ಬಾಯ್ಬುಟ್ಟು ಯೋಳ್ತೀನಿ. ಐಬು ನಂದಾಗಿತ್ತು, ಸರಿ ಮಾಡಿಸ್ಕಂಡೆ ಅಂತ. ಆಗ ಯಾರೂ ಏನೂ ಅನ್ನಂಗಿಲ್ಲ."

"ಅಲ್ಲೀಗಂಟ ನಾನು ಬಂಜೆ ಅನ್ನಿಸ್ಕಳ್ಳನಾ?"

"ಇಷ್ಟು ದಿನ ಅನ್ನಿಸ್ಕಂಡಿದ್ದೀಯಲ್ಲ. ಇನ್ನೊಂದಷ್ಟು ದಿನ."

ಮಾತು ಬಾಯಿಂದ ಬಿದ್ದಮೇಲೆ ಅದರ ತೂಕ ಅವನಿಗೇ ತಿಳಿಯಿತು. ಅರುಂಧತಿ ಟೀ ಮುಗಿಸಿ, ಲೋಟ ಕೆಳಗಿಟ್ಟು, ಸೆರಗಿನಲ್ಲಿ ತುಟಿ ಒರೆಸಿಕೊಂಡಳು. "ಯುಗಾದಿ ದಾಟಬಾರ್ದು" ಎಂದಳು. ಅವನು ತಲೆಯಾಡಿಸಿದ.

ಸ್ವಾಮಿಯ ಆಲೆಮನೆಯಲ್ಲಿ ಅವರಪ್ಪನ ಕಾಲದಿಂದಲೂ ಒಂದು ಕಟ್ಟಳೆ ಇತ್ತು. ಕುದಿವ ಪಾಕ ಮೈಮೇಲೆ ಬಿದ್ದವನು ಗಾಯ ಪೂರಾ ಮಾಯುವ ತನಕ ಕೊಪ್ಪರಿಗೆ ಹತ್ತಿರ ಬರುವಂತಿಲ್ಲ. ಕೊಪ್ಪರಿಗೆ ಅವನ ಮೇಲೆ ಮುನಿಸಿಕೊಂಡಿದೆ ಎಂದು ಲೆಕ್ಕ. ಗಾಯ ಮಾಯ್ದು ತಿರುಗಿ ಬಂದರೂ ಅವನ ಜಾಗದಲ್ಲಿ ಆಗಲೇ ಇನ್ನೊಬ್ಬ ನಿಂತಿರುತ್ತಿದ್ದ. ಅದಕ್ಕೇ ಅಲ್ಲಿ ಸುಟ್ಟುಕೊಂಡವರು ಬಾಯಿ ಬಿಡುತ್ತಿರಲಿಲ್ಲ. ಸುಣ್ಣದ ತಿಳಿಗೆ ಕೊಬ್ಬರಿ ಎಣ್ಣೆ ಕಲಸಿ ಬಳಿದುಕೊಂಡು, ಮೇಲೆ ಬಟ್ಟೆ ಸುತ್ತಿ, ಏನೂ ಆಗದವರಂತೆ ಓಡಾಡುತ್ತಿದ್ದರು.

ಆಪರೇಷನ್ನಿಗೆ ಇನ್ನೂ ಎಂಟು ದಿನ ಇರುವಾಗ ಒಂದು ಮಧ್ಯಾಹ್ನ ಕೆಂಪರಾಜು ಪಾಕದ ಸದ್ದು ಕೇಳುವುದನ್ನು ಮರೆತ. ಅವ್ವನ ಎದುರು ಯಾವ ಮಾತಿನಿಂದ ಶುರುಮಾಡುವುದು ಎಂದು ಯೋಚಿಸುತ್ತಿದ್ದ. ಕೊಪ್ಪರಿಗೆ ಇಳಿಸುವಾಗ ಅದು ಒಂದು ಕಡೆ ವಾಲಿ, ದಪ್ಪ ಪಾಕದ ಒಂದು ನಾಲಗೆ ಅವನ ಎಡಗಾಲ ಮೀನಖಂಡಕ್ಕೆ ಅಂಟಿಕೊಂಡಿತು. ನೀರಾದರೆ ಜಾರುತ್ತದೆ, ಪಾಕ ಜಾರುವುದಿಲ್ಲ. ಅವನು ಹಲ್ಲು ಕಚ್ಚಿದ. ಒಲೆಗೆ ಕಬ್ಬಿನ ಒಣಸಿಪ್ಪೆಯ ರಚ್ಚು ತಳ್ಳುತ್ತಿದ್ದ ಚಿಕ್ಕಮಾದು ಮಾತ್ರ ನೋಡಿದ.

"ಬಿತ್ತೇನ್ಲಾ?"

"ಇಲ್ಲ ಕಣ್ಲಾ. ಬಿಸಿ ತಾಕ್ತು ಅಷ್ಟೆ."

"ನನ್ಗೇನೂ ಕಾಣ್ಲಿಲ್ಲ ಬುಡು" ಎಂದು ಚಿಕ್ಕಮಾದು ಒಲೆಯ ಕಡೆ ತಿರುಗಿದ. ಆಲೆಮನೆಯಲ್ಲಿ ಸ್ನೇಹ ಎಂದರೆ ಇದೇ ಆಗಿತ್ತು.

ಮನೆಯಲ್ಲಿ ಅರುಂಧತಿಗೆ ಕಾಣದಂತೆ ಮುಚ್ಚಿಡಲು ಅವನಿಗೆ ಆಗಲಿಲ್ಲ. ಮೂರನೇ ದಿನಕ್ಕೆ ಗಾಯದ ಅಂಚು ಕೆಂಪಗೆ ಊದಿ, ಸುಣ್ಣದ ಕೆಳಗೆ ಕೀವು ಕಟ್ಟಿತ್ತು. "ರಕ್ತ ಕೊಡಕ್ಕೆ ಓಯ್ತಿರಲ್ಲ, ಇದನ್ನೂ ತೋರಿಸಿ. ನನ್ಗೆ ಆವತ್ತು ರಜ ಕೊಡಲ್ಲ, ಎಕ್ಸ್‌ಪೋರ್ಟ್ ಆರ್ಡರ್ ಅದೆ. ನೀವೇ ಬಾಯ್ಬುಟ್ಟು ಯೋಳಿ" ಎಂದು ಅವಳು ಎರಡು ಸಲ ಹೇಳಿದಳು. ಅವನು ಆಯಿತೆಂದ.

ಆಪರೇಷನ್ನಿನ ಎರಡು ದಿನ ಮುಂಚೆ ಮಂಡ್ಯಕ್ಕೆ ಒಬ್ಬನೇ ಹೋದ. ರಕ್ತ ಕೊಟ್ಟು ಬೆಂಚಿನ ಮೇಲೆ ಕೂತಿದ್ದಾಗ ಶೋಭಿತಾ ತಾನೇ ಹೊರಗೆ ಬಂದಳು. ಅವಳ ಮುಖದಲ್ಲಿ ಗೊಂದಲ ಇತ್ತು.

"ಕೆಂಪರಾಜು ಅವರೇ, ಹೋದ ಸಲ ನಿಮ್ಮ ರಕ್ತದಲ್ಲಿ ಉರಿಯೂತ ಒಂಚೂರು ಇತ್ತು. ಈ ಸಲ ಹತ್ತುಪಟ್ಟು ಜಾಸ್ತಿ ಇದೆ. ಇಷ್ಟು ಏರಿರೋದು ಆ ನರದಿಂದ ಅಲ್ಲ. ಜ್ವರ ಇತ್ತಾ?"

"ಇಲ್ಲ."

"ಕೆಮ್ಮು? ಹಲ್ಲು ನೋವು? ಮೂತ್ರಕ್ಕೆ ಹೋಗುವಾಗ ಉರಿ?"

"ಇಲ್ಲ."

"ಮೈಮೇಲೆ ಎಲ್ಲಾದರೂ ಗಾಯ, ಕೀವು?"

ಪ್ಯಾಂಟಿನೊಳಗೆ ಬಟ್ಟೆ ಸುತ್ತಿದ ಕಾಲಿನ ಗಾಯ ಮಿಡಿಯುತ್ತಿತ್ತು. ಹೇಳಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಯುಗಾದಿ ದಾಟುತ್ತದೆ. ಹೇಳದಿದ್ದರೆ ದಾಟದೇ ಇರಬಹುದು. ಜೊತೆಗೆ, ಗಾಯವನ್ನು ಮುಚ್ಚಿಡುವುದು ಇಷ್ಟು ವರ್ಷಗಳಲ್ಲಿ ಅವನ ನಾಲಗೆಗೆ ರೂಢಿಯಾಗಿಹೋಗಿತ್ತು.

"ಏನೂ ಇಲ್ಲ ಮೇಡಂ" ಎಂದ.

"ಹಾಗಾದರೆ ಕಾರಣ ಸಿಗೋ ತನಕ ಕತ್ತಿ ಇಡೋ ಹಾಗಿಲ್ಲ. ಸರ್ ಒಪ್ಪಲ್ಲ. ಹಬ್ಬ ಆದ ಮೇಲೆ ಬನ್ನಿ, ಮತ್ತೆ ನೋಡೋಣ."

ಹೇಳಿದ್ದರೂ ಅಷ್ಟೇ, ಹೇಳದೆಯೂ ಅಷ್ಟೇ. ಅವನು ಬಸ್ ಸ್ಟ್ಯಾಂಡಿನವರೆಗೆ ಕುಂಟುತ್ತ ನಡೆದ. ಸಂಜೆ ಅರುಂಧತಿ ಕೇಳಿದಾಗ, "ತೋರಿಸ್ದೆ. ಮುಲಾಮು ಬರ್ಕೊಟ್ಟವ್ರೆ. ಆಪ್ರೇಸನ್ ಯುಗಾದಿ ಆದ್ಮೇಲಂತೆ, ಅವರ್ದೇ ಏನೋ ತೊಂದ್ರೆ" ಎಂದ. ಅವಳು ಕಾಲಿನ ಬಟ್ಟೆ ಬಿಚ್ಚಿ ಬೇರೆ ಕಟ್ಟಿದಳು.

ಹಬ್ಬ ಬಂತು. ಮರುದಿನ ಹೊಸತೊಡಕಿನ ಬಾಡೂಟವೂ ಆಯಿತು. ಅದರ ಮಾರನೇ ದಿನ ಅರುಂಧತಿಯ ಅಣ್ಣ ದೇವರಾಜು ಹಲಗೂರಿನಿಂದ ಬರುವುದಿತ್ತು. ಬೆಳಿಗ್ಗೆ ಕೆಂಪರಾಜು ಹಿತ್ತಲ ಕಲ್ಲಿನ ಮೇಲೆ ಕೂತು ಮುಖ ತೊಳೆಯುವಾಗ ಅರುಂಧತಿ ಬಂದು ನಿಂತಳು. ಆಸ್ಪತ್ರೆಯಲ್ಲಿ ಬರೆಸಿದ್ದು ಅವಳ ಫೋನ್ ನಂಬರು.

"ನೆನ್ನೆ ಮಂಡ್ಯದ ಶೋಭಿತಾ ಡಾಕ್ಟ್ರಮ್ಮ ಫೋನ್ ಮಾಡಿದ್ರು. ನಿಮ್ ಯಜಮಾನ್ರಿಗೆ ಜ್ವರ ಗಿರ ಬಂತಾ, ರಕ್ತ ಹಂಗ್ಯಾಕಿದೆ ಅಂತ ನಂಗೆ ಯೋಚ್ನೆ ಆಗೈತೆ ಅಂದ್ರು. ಗಾಯ ಎಲ್ಲೂ ಇಲ್ಲ ಅಂದ್ರಲ್ಲ ಅವ್ರು, ಅಂದ್ರು."

ಅವನ ಕೈಯಲ್ಲಿದ್ದ ನೀರು ಬೆರಳ ಸಂದಿಯಿಂದ ಸೋರಿತು.

"ನಾನು ಯೋಳ್ದೆ. ಕಾಲ್ನಾಗೈತೆ, ಕೀವಾಗೈತೆ ಅಂತ. ತಡ ಮಾಡ್ದೆ ಕಳ್ಸಿ ಅಂದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಗಾಯದ ವಿಸ್ಯ ನಾನು ಯೋಳ್ದೆ ಕಣ್ರೀ. ಇವತ್ತಿಂದು ನಾನು ಯೋಳಲ್ಲ. ಅದು ನಿಮ್ ಬಾಯಿಂದ ಬರ್ಬೇಕು."

ಜಗಲಿಯ ಮೇಲೆ ಚಾಪೆ ಹಾಸಿದ್ದರು. ದೇವರಾಜು ಗೋಡೆಗೆ ಒರಗದೆ ನೆಟ್ಟಗೆ ಕೂತ. ಯಜಮಾನಿಕೆಗೆಂದು ಸ್ವಾಮಿಯೂ ಬಂದಿದ್ದ. ಮರಿತಾಯಮ್ಮ ಮೊದಲು ಅತ್ತಳು, ಆಮೇಲೆ ಮಾತಾಡಿದಳು. ತಾನೇನೂ ಸೊಸೆಯನ್ನು ಹೊಡೆದು ಬಡಿದು ಮಾಡಿಲ್ಲ, ಮಗಳಂತೆ ನೋಡಿಕೊಂಡಿದ್ದೇನೆ, ಆದರೆ ಹೊಟ್ಟೆ ತುಂಬದಿದ್ದರೆ ಯಾರೇನು ಮಾಡುವುದು ಎಂದಳು. "ಎಷ್ಟು ಆಸ್ಪತ್ರೆ ಸುತ್ತಿಸ್ದ ನನ್ ಮಗ. ಮೊನ್ನೆ ಮೊನ್ನೆನೂ ಮಂಡ್ಯಕ್ಕೆ ಕರ್ಕೊಂಡೋಗಿದ್ದ, ಕೇಳು ಸ್ವಾಮಪ್ಪನ್ನೇ."

"ಹೌದು ಹೌದು, ಎಂಡ್ತಿಗೆ ತೋರಿಸ್ಬೇಕು ಅಂತ್ಲೇ ರಜ ತಕೊಂಡ" ಎಂದು ಸ್ವಾಮಿ ಸಾಕ್ಷಿ ಹೇಳಿದ.

ದೇವರಾಜು ತಂಗಿಯ ಕಡೆ ತಿರುಗಿದ. "ಏನವ್ವ, ಡಾಕ್ಟ್ರು ಏನಂದ್ರು? ನಿಂದೇ ತೊಂದ್ರೆ ಅಂದ್ರಾ?"

ಅರುಂಧತಿ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದಳು. ಗಂಡನನ್ನು ನೋಡಿದಳು. ಎಲ್ಲರೂ ಅವಳ ನೋಟ ಹಿಡಿದು ಅವನ ಕಡೆಗೇ ನೋಡಿದರು.

ಹೇಳುವ ಕ್ಷಣ ಬಂದಿದೆ ಎಂದು ಕೆಂಪರಾಜುವಿಗೆ ಗೊತ್ತಾಯಿತು. ಪಾಕದ ಹಾಗೆ ಅದೂ ಒಂದು ಗಳಿಗೆ ಹದವಾಗಿ ನಿಲ್ಲುತ್ತದೆ, ಆಮೇಲೆ ಮೀರುತ್ತದೆ. ಸ್ವಾಮಿ ಅಲ್ಲೇ ಇದ್ದ. ನಾಳೆ ಆಲೆಮನೆಯಲ್ಲಿ ಒಲೆ ಉರಿಸುವವನವರೆಗೂ ಎಲ್ಲರ ಬಾಯಲ್ಲೂ ತನ್ನ ತೊಡೆಸಂದಿಯ ಮಾತೇ ಇರುತ್ತದೆ. ಆಪರೇಷನ್ ಆಗಿದ್ದರೆ ಹೇಳಬಹುದಿತ್ತು. ಸರಿಮಾಡಿಸಿಕೊಂಡವನಾಗಿ ಹೇಳಬಹುದಿತ್ತು. ಕೆಟ್ಟವನಾಗಿ ಹೇಳುವುದು ಹೇಗೆ?

"ಅದು... ಇನ್ನೂ ಟೆಸ್ಟು ನಡೀತಾ ಅದೆ" ಎಂದ.

ಅರುಂಧತಿ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಗಾರ್ಮೆಂಟ್ಸಿಗೆ ಒಯ್ಯುವ ಬ್ಯಾಗು, ಇನ್ನೊಂದರಲ್ಲಿ ಬಟ್ಟೆಯ ಗಂಟು. "ನಡಿ ಅಣ್ಣ" ಎಂದಳು. ಮರಿತಾಯಮ್ಮ ಇಷ್ಟು ಬೇಗ ಮುಗಿಯುತ್ತದೆಂದು ಎಣಿಸಿರಲಿಲ್ಲ. "ಉಂಡ್ಕಂಡಾದ್ರೂ ಓಗವ್ವ" ಎಂದಳು.

"ಸಾಕು ಬುಡಿ ಅತ್ತೆ. ಏಳೊರ್ಸ ಉಂಡಿದ್ದೀನಿ."

ಅವರು ಬೀದಿಯ ತಿರುವು ದಾಟುವಾಗ ಕೆಂಪರಾಜು ಎದ್ದು ನಿಂತಿದ್ದ. ಕೂಗಲಿಲ್ಲ.

ಮಾರನೇ ದಿನ ಆಸ್ಪತ್ರೆಗೆ ಹೋದ. ಗಾಯ ಕೊರೆದು ಕೀವು ತೆಗೆದರು. ಶೋಭಿತಾ ಬೈಯಲಿಲ್ಲ. "ನಾನು ನಿಮ್ಮನ್ನು ಕೇಳಿದ್ದೆ" ಎಂದಷ್ಟೇ ಹೇಳಿದಳು. ಆಲೆಮನೆಗೆ ಕಾಲಿನ ಪಟ್ಟಿ ಕಂಡಿತು. ಸ್ವಾಮಿ ಕಟ್ಟಳೆ ಮುರಿಯಲಿಲ್ಲ, ದುದ್ದದ ಕಡೆಯಿಂದ ಬೇರೆ ಪಾಕದವನನ್ನು ಕರೆಸಿಕೊಂಡ. ಕೆಂಪರಾಜು ಮನೆಯಲ್ಲಿ ಕೂತ. ಕೆಲವು ವಾರಗಳಲ್ಲಿ ರಕ್ತ ತಣ್ಣಗಾಯಿತು, ಉರಿಯೂತ ಮೊದಲಿದ್ದ ಮಟ್ಟಕ್ಕೆ ಇಳಿಯಿತು. ಆಪರೇಷನ್ನಿಗೆ ಜೊತೆಗೆ ಬಂದವನು ಚಿಕ್ಕಮಾದು. ಅವನಿಗೆ ಕೆಂಪರಾಜು ಹರ್ನಿಯಾ ಎಂದು ಹೇಳಿದ್ದ. "ಅರನಿಯಾನಾ? ನಮ್ ಮಾವಂಗೂ ಆಗಿತ್ತು ಕಣ್ಲಾ, ಏನಾಗಲ್ಲ, ಈಗ ಮರ ಅತ್ತಾನೆ" ಎಂದು ಚಿಕ್ಕಮಾದು ಧೈರ್ಯ ಹೇಳಿದ. ಕೆಂಪರಾಜು ಗೋಡೆಯ ಕಡೆ ತಿರುಗಿ ಮಲಗಿದ.

ಹೊಲಿಗೆ ಬಿಚ್ಚಿದ ದಿನ ಅವನು ತಾಯಿಯ ಮುಂದೆ ಕೂತು ಎಲ್ಲ ಹೇಳಿದ. ಮರಿತಾಯಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದವಳು ನಿಲ್ಲಿಸಲಿಲ್ಲ. ಕೈ ಮಾತ್ರ ನಿಧಾನವಾಯಿತು.

"ಈ ಮಾತ ನನ್ ತಾವ ಆಡಿದ್ದು ಆಡ್ದೆ. ಇನ್ನೆಲ್ಲೂ ಆಡ್ಬ್ಯಾಡ."

"ಅವಳ ಮ್ಯಾಲೆ ಹಾಕಿದ್ದು ಅವ್ವ..."

"ಅವಳು ಮನೆ ಬುಟ್ಟು ಓದ್ಲಲ್ಲ. ಓದೋಳ ಮ್ಯಾಲಿದ್ರೆ ಯಾರಿಗೇನು ನಷ್ಟ? ಬರೋ ಬುಧವಾರ ಮಳವಳ್ಳಿಯೋರು ಮನೆ ನೋಡಕ್ಕೆ ಬತ್ತಾವ್ರೆ. ಬಾಯ್ ಮುಚ್ಕಂಡು ಒಳ್ಳೆ ಅಂಗಿ ಹಾಕ್ಕೊ."

ಬುಧವಾರ ಮಳವಳ್ಳಿಯವರು ಬಂದರು. ಹುಡುಗಿಯ ತಾತ, ಸೋದರಮಾವ, ಇಬ್ಬರು ಹೆಂಗಸರು. ಹುಡುಗಿಯ ಹೆಸರು ಗಗನ ಎಂದರು. ಕಾಫಿ ಕುಡಿಯುತ್ತ ತಾತ ಸಹಜವಾಗಿಯೇ ಕೇಳಿದ, "ಮೊದಲ್ನೇದಕ್ಕೆ ಮಕ್ಳಾಗ್ಲಿಲ್ಲ ಅಂದ್ರು. ಪಾಪ, ಅವಳ ಹಣೇಲಿ ಇರ್ಲಿಲ್ಲ."

"ಅವಳ ಹಣೆ ಸರ್ಯಾಗೇ ಇತ್ತು" ಎಂದ ಕೆಂಪರಾಜು.

ಮರಿತಾಯಮ್ಮ ಅವನ ಬೆನ್ನಿಗೆ ತಿವಿದಳು. ಅವನು ನಿಲ್ಲಿಸಲಿಲ್ಲ. ತೊಂದರೆ ತನ್ನದು, ಮದುವೆಗೆ ಮುಂಚಿನಿಂದಲೂ ಇತ್ತು, ಮಂಡ್ಯದಲ್ಲಿ ಆಪರೇಷನ್ ಆಗಿದೆ, ಸರಿಹೋಗುತ್ತೋ ಇಲ್ಲವೋ ಡಾಕ್ಟರೂ ಹೇಳಿಲ್ಲ, ಅವಳನ್ನು ಸುಮ್ಮನೆ ಕಳಿಸಿದೆವು. ಒಂದೊಂದು ಮಾತೂ ಮೈಯಿಂದ ಪಟ್ಟಿ ಕಿತ್ತ ಹಾಗೆ ಬಂತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಸೋದರಮಾವ ಕಾಫಿ ಲೋಟ ಕೆಳಗಿಟ್ಟ. ತಾತ, "ಯೋಳಿದ್ದು ಒಳ್ಳೇದಾಯ್ತು ಕಣಪ್ಪ. ಇದನ್ನ ಆ ಹೆಣ್ಮಗಳ ಕಡೆಯೋರ ಮುಂದೆ ಯೋಳ್ಬೇಕಿತ್ತು" ಎಂದು ಕೋಲು ಊರಿ ಎದ್ದ.

ಅವರು ಹೋದ ಮೇಲೆ ಮರಿತಾಯಮ್ಮ ಗೋಳಾಡಿದಳು. "ಮಾನ ಕಳದ್ಯಲ್ಲೋ, ಮೂರು ತಾಲೂಕಿಗೆ ಟಾಂ ಟಾಂ ಆಯ್ತದೆ." ಅದು ನಿಜವಾಯಿತು. ಎರಡೇ ದಿನದಲ್ಲಿ ಆಲೆಮನೆಗೆ ತಿಳಿಯಿತು. ಚಿಕ್ಕಮಾದು ಬೀದಿಯಲ್ಲಿ ಸಿಕ್ಕಾಗ ಏನು ಹೇಳಬೇಕೆಂದು ತೋಚದೆ, ಬೀಡಿ ಚಾಚಿ, "ಅರನಿಯಾ ಅಂದಿದ್ಯಲ್ಲೋ" ಎಂದು ನೆಲ ನೋಡಿದ.

ಅರುಂಧತಿ ಅಣ್ಣನ ಮನೆಯಲ್ಲಿ ಬಹಳ ದಿನ ಇರಲಿಲ್ಲ. ಜೊತೆ ಕೆಲಸದ ರಂಜಿತಳೊಂದಿಗೆ ಮದ್ದೂರಿನಲ್ಲಿ ಒಂದು ರೂಮು ಹಿಡಿದಿದ್ದಳು. ಕೆಂಪರಾಜು ಮಧ್ಯಾಹ್ನದ ಊಟದ ಬಿಡುವು ನೋಡಿಕೊಂಡು ಫೋನ್ ಮಾಡಿದ. ಎತ್ತುವುದಿಲ್ಲ ಎಂದುಕೊಂಡಿದ್ದ. ಎತ್ತಿದಳು.

"ಯೋಳ್ಬುಟ್ಟೆ ಅರುಂಧತಿ. ಎಲ್ಲಾರ ಮುಂದೂ."

"ಗೊತ್ತಾಯ್ತು. ನಮ್ಮಣ್ಣ ಫೋನ್ ಮಾಡಿದ್ದ. ಅತ್ಗೆ ಅತ್ಲಂತೆ." ಹಿಂದೆ ಯಾರೋ ಡಬ್ಬಿ ಮುಚ್ಚುವ ಸದ್ದು, ಹುಡುಗಿಯರ ನಗು. "ಕಾಲು?"

"ಗಾಯ ಮಾಯ್ದದೆ."

"ರಕ್ತ?"

"ಸರಿಗದೆ ಅಂದ್ರು. ಇನ್ನೊಂದ್ಸಲ ನೋಡ್ತಾರಂತೆ, ಆಪ್ರೇಸನ್ ಆಗಿ ಮೂರು ತಿಂಗಳಿಗೆ. ಆವತ್ತು ನೀನೂ..." ಅವನು ಮುಂದಿನ ಮಾತು ಹುಡುಕಿದ. "ನೀನೂ ಬತ್ತೀಯಾ?"

ಅವನು ಕಾದ. ಅತ್ತ ಕಡೆ ಗಂಟೆ ಬಾರಿಸಿತು, ನಗು ನಿಂತಿತು, ಒಂದಾದ ಮೇಲೊಂದು ಮಿಷನ್ನುಗಳು ಶುರುವಾದವು.

"ನಮ್ಮಣ್ಣ ಬಂದಾವತ್ತು ನಾನು ಬಾಗಿಲಾಗೆ ನಿಂತಿದ್ದಾಗ ನೀವು ಒಂದು ಮಾತು ಅಂದಿದ್ರೆ, ಆಪ್ರೇಸನ್ನೂ ಬ್ಯಾಡವಾಗಿತ್ತು ನಂಗೆ" ಎಂದಳು. "ಲೈನು ಶುರುವಾಯ್ತು. ಇಡ್ತೀನಿ."

ಅವಳು ಇಟ್ಟ ಮೇಲೂ ಕೆಂಪರಾಜು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಒಳಗಿನಿಂದ ತಾಯಿ ಊಟಕ್ಕೆ ಕರೆಯುತ್ತಿದ್ದಳು.